ಬಾಗಲಕೋಟೆಯ ವಕೀಲರು

ಕೆರೂರು ವಾಸುದೇವಾಚಾರ್ಯರನ್ನು (1866–1921) ‘ಇಂದಿರೆ’ಯ ಕರ್ತೃವೆಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ನನಗೆ ಸರಿಯೆನಿಸುವುದಿಲ್ಲ. 1908ರ ಆ ಕಾದಂಬರಿ ದೊಡ್ಡದೇ. ಅದನ್ನು ಬರೆದವರ ಬಾಳು ಇನ್ನೂ ಸ್ವಾರಸ್ಯದ್ದು.

ಆಚಾರ್ಯರು ಬಾಗಲಕೋಟೆಯಲ್ಲಿ ವಕೀಲರಾಗಿದ್ದರು. ಆ ಊರು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಮರಾಠಿ ನಾಟಕಗಳದೇ ಅಬ್ಬರ. ಅಂಥಲ್ಲಿ ಕುಳಿತು ಅವರು ಶೇಕ್ಸ್‌ಪಿಯರನನ್ನು ಕನ್ನಡಕ್ಕೆ ಒಗ್ಗಿಸಿದರು. ವೆನಿಸ್ಸಿನ ವರ್ತಕನ ಕಥೆ ‘ಸುರತನಗರದ ಶ್ರೇಷ್ಠಿ’ಯಾಯಿತು. ಊರಿನ ಆಯ್ಕೆಯನ್ನೇ ನೋಡಿರಿ: ಹಡಗು, ಸಾಲ, ಹುಂಡಿಗಳಿಗೆ ಹೆಸರಾದ ತಾಪಿ ದಂಡೆಯ ಬಂದರು ಸೂರತ್ತು. ವೆನಿಸ್ಸಿನ ಹೆಸರು ಕೇಳದವನಿಗೂ ಅಲ್ಲಿಯ ಸಾಹುಕಾರ ಪರಕೀಯನಲ್ಲ. ನಾಟಕದ ಪ್ರಾಣವಿರುವುದಂತೂ ನ್ಯಾಯಸ್ಥಾನದಲ್ಲಿ. ಪತ್ರದಲ್ಲಿ ಮಾಂಸದ ಮಾತಿದೆ, ರಕ್ತದ ಮಾತಿಲ್ಲ ಎಂದು, ಅಕ್ಷರಕ್ಕೆ ಜೋತುಬಿದ್ದವನನ್ನು ಅದೇ ಅಕ್ಷರದಿಂದ ಕಟ್ಟಿಹಾಕುವ ವಾದ! ದಿನ ಬೆಳಗಾದರೆ ಖತೆ-ಕರಾರುಗಳನ್ನು ಓದುವವರಿಗೆ ಇದರ ರುಚಿಯನ್ನು ಬೇರೆ ಹೇಳಿಕೊಡಬೇಕೆ? ರೋಮಿಯೋ ಜೂಲಿಯೆಟ್ಟರನ್ನು ಅವರು ರಮೇಶ, ಲಲಿತೆಯರನ್ನಾಗಿ ಮಾಡಿದರು. ಅಲ್ಲಿರುವುದು ಮನೆತನಗಳ ಜಗಳ; ವಕೀಲರಿಗೆ ಅದೂ ಹೊಸದಲ್ಲ.

ವಕೀಲಿ ಹೊಟ್ಟೆಗೆ, ಸಾಹಿತ್ಯ ಹವ್ಯಾಸಕ್ಕೆ ಎಂದು ಬೇರೆ ಬೇರೆ ಇಡುವವರು ಇದನ್ನು ಗಮನಿಸಬೇಕು. ಕಸುಬು ಕಲಿಸಿದ್ದನ್ನು ಅವರ ಹವ್ಯಾಸ ಬಳಸಿಕೊಂಡಿತೆಂದೇ ನನ್ನ ಎಣಿಕೆ.

ಅಷ್ಟಕ್ಕೇ ನಿಲ್ಲದೆ ‘ಶುಭೋದಯ’, ‘ಸಚಿತ್ರ ಭಾರತ’ ಎಂಬ ಪತ್ರಿಕೆಗಳನ್ನೂ ನಡೆಸಿದರು. ಕಕ್ಷಿಗಾರ ತಾನಾಗಿಯೇ ವಕೀಲರ ಬಾಗಿಲಿಗೆ ಬರುತ್ತಾನೆ. ಚಂದಾದಾರನನ್ನು ಪತ್ರಿಕೆಯೇ ಹುಡುಕಿಕೊಂಡು ಹೋಗಬೇಕು. ಚಿತ್ರಗಳಿಗೆ ಬ್ಲಾಕು ಮಾಡಿಸಬೇಕು, ಕಾಗದ ಕೊಳ್ಳಬೇಕು, ಸಂಚಿಕೆಗಳನ್ನು ಅಂಚೆಗೆ ಹಾಕಬೇಕು. ಕನ್ನಡ ಓದುವವರು ಅಲ್ಲೊಬ್ಬ ಇಲ್ಲೊಬ್ಬರಾಗಿ ಚದುರಿಹೋಗಿದ್ದ ಪ್ರಾಂತದಲ್ಲಿ ಆಚಾರ್ಯರು ಈ ವ್ಯವಹಾರಕ್ಕೆ ಕೈಹಾಕಿದ್ದರು.