ಮಂಡಲ ಹಾವಿನ ವಿಷವೂ ಜಾರ್ಜ್ ಲ್ಯಾಂಬ್ ಎಂಬ ಡಾಕ್ಟರೂ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮಳೆ ಬಿದ್ದು ತೊಗರಿ ಬಿತ್ತುವ ಹೊತ್ತಿಗೆ ಹಾವಿನ ಭಯವೂ ಶುರುವಾಗುತ್ತದೆ. ಕಡಿಸಿಕೊಂಡವರನ್ನು ದವಾಖಾನೆಗೆ ಒಯ್ದರೆ ಡಾಕ್ಟರು ಸ್ವಲ್ಪ ರಕ್ತ ತೆಗೆದು, ಒಣಗಿದ ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಜೊತೆಗೆ ಹೋದವರಿಗೆ ಸಿಟ್ಟು ಬರುತ್ತದೆ. "ಸೂಜಿ ಮಾಡೋದು ಬಿಟ್ಟು ಇದೇನ್ರಿ?" ಅನ್ನುತ್ತಾರೆ. ಆ ನಳಿಕೆಯ ಹಿಂದೆ ನೂರಕ್ಕೂ ಹೆಚ್ಚು ವರ್ಷದ ಚರಿತ್ರೆ ಇದೆ.

1890ರ ದಶಕದಲ್ಲಿ ಆಲ್ಬರ್ಟ್ ಕಾಲ್ಮೆಟ್ ಎಂಬ ಫ್ರೆಂಚ್ ವಿಜ್ಞಾನಿ ಹಾವಿನ ವಿಷಕ್ಕೆ ಮದ್ದು ಕಂಡುಹಿಡಿದರು. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚುತ್ತ ಹೋದರೆ ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಬೆಳೆಯುತ್ತದೆ. ಆ ರಕ್ತದ ತಿಳಿನೀರೇ ಮದ್ದು. ಇದು ಎಲ್ಲ ಹಾವಿಗೂ ನಡೆಯುತ್ತದೆ ಎಂದು ಕಾಲ್ಮೆಟ್ ನಂಬಿದ್ದರು.

ಹಾಗಲ್ಲ ಎಂದು ತೋರಿಸಿದವರಲ್ಲಿ ಜಾರ್ಜ್ ಲ್ಯಾಂಬ್ ಮುಖ್ಯರು. ಅವರು ಬ್ರಿಟಿಷ್ ಸರ್ಕಾರದ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಡಾಕ್ಟರು. 1900ರ ನಂತರದ ವರ್ಷಗಳಲ್ಲಿ ಮುಂಬಯಿಯ ಪರೇಲ್‌ನಲ್ಲಿ, ಪ್ಲೇಗ್ ಸಂಶೋಧನೆಗೆಂದು ತೆರೆದಿದ್ದ ಪ್ರಯೋಗಾಲಯದಲ್ಲಿ ನಾಗರ ಮತ್ತು ಕೊಳಕುಮಂಡಲದ ವಿಷಗಳನ್ನು ಪರೀಕ್ಷಿಸಿದರು. ಆ ಪ್ರಯೋಗಾಲಯವೇ ಈಗಿನ ಹಾಫ್‌ಕಿನ್ ಸಂಸ್ಥೆ. ನಾಗರದ ವಿಷದಿಂದ ಮಾಡಿದ ಮದ್ದು ಕೊಳಕುಮಂಡಲದ ವಿಷಕ್ಕೆ ಕೆಲಸ ಮಾಡಲಿಲ್ಲ. ಒಂದು ಬೀಗದ ಕೀಲಿ ಇನ್ನೊಂದು ಬೀಗಕ್ಕೆ ಹತ್ತದಂತೆ, ಒಂದೊಂದು ವಿಷಕ್ಕೂ ಅದರದೇ ಮದ್ದು ಬೇಕು ಎಂದಾಯಿತು. ಲ್ಯಾಂಬ್ ಮುಂದೆ ಕಸೌಲಿಯ ಪಾಶ್ಚರ್ ಸಂಸ್ಥೆಯ ನಿರ್ದೇಶಕರಾದರು.

ಅವರ ಇನ್ನೊಂದು ಕೆಲಸ ರಕ್ತ ಹೆಪ್ಪುಗಟ್ಟುವುದರ ಬಗ್ಗೆ. ಮಂಡಲದ ವಿಷ ಹೆಚ್ಚು ಸೇರಿದರೆ ಪ್ರಾಣಿಯ ರಕ್ತನಾಳದೊಳಗೇ ರಕ್ತ ಹೆಪ್ಪುಗಟ್ಟಿತು. ಸ್ವಲ್ಪ ಸೇರಿದರೆ ರಕ್ತ ಹೆಪ್ಪುಗಟ್ಟುವುದನ್ನೇ ಬಿಟ್ಟಿತು. ಒಂದೇ ವಿಷ ಎರಡು ಥರ ಯಾಕೆ? ಕಾರಣ ಆಮೇಲೆ ತಿಳಿಯಿತು. ಹೆಪ್ಪುಗಟ್ಟಲು ರಕ್ತದಲ್ಲಿ ಕೆಲವು ಪ್ರೋಟೀನುಗಳಿರುತ್ತವೆ. ವಿಷ ಅವನ್ನು ಒಮ್ಮೆಲೇ ಎಬ್ಬಿಸಿ ಮೈತುಂಬ ಖರ್ಚು ಮಾಡಿಸುತ್ತದೆ. ದಾಸ್ತಾನು ಮುಗಿದ ಮೇಲೆ ಒಸಡು, ಗಾಯ, ಮೂತ್ರ ಎಲ್ಲೆಂದರಲ್ಲಿ ರಕ್ತ ಸೋರುತ್ತದೆ. ನಳಿಕೆಯ ರಕ್ತ 20 ನಿಮಿಷದ ಮೇಲೂ ನೀರಿನಂತೆ ಹರಿದರೆ ಡಾಕ್ಟರಿಗೆ ತಿಳಿಯುವುದು ಇದೇ. ಗರಗಸ ಮಂಡಲ ಕಡಿದರೂ ಹೀಗೇ ಆಗುತ್ತದೆ.

ಇದೇ ವಿಷ ಮದ್ದೂ ಆಯಿತು. 1934ರಲ್ಲಿ ಲಂಡನ್ನಿನಲ್ಲಿ ಆರ್. ಜಿ. ಮ್ಯಾಕ್‌ಫರ್ಲೇನ್ ಮತ್ತು ಅವರ ಜೊತೆಗಾರರು ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಮಂಡಲದ ವಿಷವನ್ನು ಬಹಳ ತೆಳುಮಾಡಿ ಹಚ್ಚಿ ರಕ್ತ ನಿಲ್ಲಿಸಿದರು. ರಕ್ತದ ಕೆಲವು ಪರೀಕ್ಷೆಗಳಲ್ಲಿ ಇಂದಿಗೂ ಅದನ್ನು ಬಳಸುತ್ತಾರೆ.

ನಮ್ಮ ರಾಜ್ಯದಲ್ಲೂ ಈ ಕೆಲಸ ಮುಂದುವರಿದಿದೆ. ಮೈಸೂರು ವಿಶ್ವವಿದ್ಯಾಲಯದ ವೀರಬಸಪ್ಪ ಗೌಡ ಮತ್ತು ಜೊತೆಗಾರರು ದೇಶದ ಬೇರೆ ಬೇರೆ ಕಡೆಯ ಕೊಳಕುಮಂಡಲಗಳ ವಿಷ ಒಂದೇ ಥರ ಇಲ್ಲ ಎಂದು 1999ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ತಂಡ ಇದನ್ನೇ ಬೆಳೆಸಿದೆ. ನಮ್ಮ ದವಾಖಾನೆಗಳ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿ ಮಾಡಿದ್ದು. ಆದರೆ ಅದಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನ ಹಾವುಗಳದ್ದು. ಲ್ಯಾಂಬ್ ಎತ್ತಿದ ಪ್ರಶ್ನೆ, ಅಂದರೆ ಈ ಮದ್ದು ಈ ಹಾವಿಗೆ ಎಷ್ಟು ಹತ್ತುತ್ತದೆ ಎಂಬುದು, ಭೀಮಾ ದಂಡೆಯ ಹೊಲದಲ್ಲೂ ಕೇಳಬೇಕಾದದ್ದು.

ಫೆಬ್ರವರಿ 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಗುಡಿಯಲ್ಲೋ ಮಂತ್ರದವರ ಮನೆಯಲ್ಲೋ ಸತ್ತವರು ದವಾಖಾನೆಯ ಲೆಕ್ಕಕ್ಕೆ ಸಿಗುವುದು ಕಷ್ಟ. ಲೆಕ್ಕಕ್ಕೆ ಬಾರದ ಊರಿಗೆ ಮದ್ದು ಕೇಳುವುದೂ ಕಷ್ಟ.

ಕಡಿದ ಜಾಗ ಕೊಯ್ಯಬೇಡಿ. ಬಿಗಿಯಾಗಿ ಕಟ್ಟಬೇಡಿ. ಕೈಕಾಲು ಅಲ್ಲಾಡಿಸದೆ ಬೇಗ ದವಾಖಾನೆಗೆ ಒಯ್ಯಿರಿ. ವಿಷದ ಲಕ್ಷಣ ಆಗಲೇ ಕಂಡಿದ್ದರೆ ಡಾಕ್ಟರು ನಳಿಕೆಗಾಗಿ ಕಾಯುವುದಿಲ್ಲ. ರಕ್ತ ಹೆಪ್ಪುಗಟ್ಟಿತೆಂದು ಮನೆಗೆ ಹೊರಡಲೂಬೇಡಿ. ನಾಗರ, ಕಟ್ಟುಹಾವಿನ ವಿಷ ನರಕ್ಕೆ ಹತ್ತುವಂಥದ್ದು, ಅದು ನಳಿಕೆಯಲ್ಲಿ ಕಾಣುವುದಿಲ್ಲ. ಡಾಕ್ಟರು ಹೋಗಿ ಎನ್ನುವ ತನಕ ಅಲ್ಲೇ ಇರಿ.