ದೀಪಕ್ಕೆ ಎಣ್ಣೆ ಎರೆಯುವವರು ಯಾರು?



ತೋರಣಗಲ್ಲಿನಲ್ಲಿ ರಾತ್ರಿ ಎಂದರೆ ಪೂರ್ತಿ ಕತ್ತಲೆಯಲ್ಲ. ಉಕ್ಕಿನ ಕಾರ್ಖಾನೆಯ ಕಡೆಗೆ ಆಕಾಶ ಕೆಂಪಗೆ ಬೆಳಗುತ್ತಲೇ ಇರುತ್ತದೆ. ಕೆಲವು ವರ್ಷಗಳ ಹಿಂದೆ, ಆ ಕೆಂಪು ಬೆಳಕಿಗೆ ಸಮೀಪದಲ್ಲೇ ಇರುವ ಒಂದು ಪುಟ್ಟ ಕಾಲೋನಿಯಲ್ಲಿ ದಾನಿಗಳ ನೆರವಿನಿಂದ ನಾವು ಒಂದು ಸೋಲಾರ್ ಬೀದಿದೀಪ ಹಾಕಿಸಿದೆವು. ನಾನೇ ಪವಿತ್ರ ಜಲ ಪ್ರೋಕ್ಷಿಸಿ ಆಶೀರ್ವದಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಫೋಟೋ ತೆಗೆಸಿಕೊಂಡು ಮನೆಗೆ ಬಂದೆವು.

ಎರಡು ವರ್ಷ ತುಂಬುವುದರೊಳಗೆ ದೀಪ ಆರಿತು. ಫಲಕದ ಮೇಲೆ ಅದಿರಿನ ಕೆಂಪು ಧೂಳು ಪದರಗಟ್ಟಿತ್ತು. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕೆಂಬುದು ಯಾರ ನೆನಪಿನಲ್ಲೂ ಇರಲಿಲ್ಲ. ಮನೆ ಭೇಟಿಗೆ ಹೋದಾಗ ಅಲ್ಲಿಯ ಅಜ್ಜಿಯೊಬ್ಬರು ಕೇಳಿಯೇಬಿಟ್ಟರು: "ದೀಪ ಹಾಕಿದ್ರಿ, ಹೋದ್ರಿ. ದಿನಾ ಅದನ್ನ ನೋಡ್ಕೊಳ್ಳೋರು ಯಾರಂತ ಹೇಳ್ಲೇ ಇಲ್ಲಲ್ರೀ ಫಾದರ್?"

ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ದೀಪದ್ದಲ್ಲ, ನನ್ನದೇ. ಆ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮ ನಾಡಿನ ಐವತ್ತು ವರ್ಷಗಳ ಇತಿಹಾಸವನ್ನು ತಿರುವಿ ನೋಡಿದಾಗ ಕಂಡದ್ದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಕಬ್ಬಿಣದ ನಾಡಿನ ಹೊಗೆ

ತೋರಣಗಲ್ಲಿನ ಉಕ್ಕಿನ ಕನಸಿಗೆ 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅಡಿಗಲ್ಲು ಹಾಕಿದರು. ಬಳಿಕ ಎರಡು ದಶಕ ಆ ಕಲ್ಲು ಕಲ್ಲಾಗಿಯೇ ಉಳಿಯಿತು. 1994ರಲ್ಲಿ ಜಿಂದಾಲ್ ವಿಜಯನಗರ ಉಕ್ಕಿನ ಕಂಪನಿ ಹುಟ್ಟಿದ ಮೇಲೆ ಬಯಲಿನಲ್ಲಿ ಕುಲುಮೆಗಳು ಎದ್ದವು. ಈಗ ಅದು ಜೆಎಸ್‌ಡಬ್ಲ್ಯು. ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಹೆಚ್ಚು ಉಕ್ಕು ಮಾಡುವ ಸಾಮರ್ಥ್ಯ ಅದಕ್ಕಿದೆ. ನಮ್ಮ ಎಷ್ಟೋ ಕುಟುಂಬಗಳು ಅನ್ನ ಉಣ್ಣುತ್ತಿರುವುದು ಈ ಉಕ್ಕಿನಿಂದಲೇ. ಅದನ್ನು ಮರೆತು ಮಾತಾಡುವುದು ಸರಿಯಲ್ಲ.

ಆದರೆ ಅದಿರಿನಿಂದ ಕಬ್ಬಿಣವನ್ನು ಬಿಡಿಸಲು ಕಲ್ಲಿದ್ದಲು ಬೇಕು. ಕಲ್ಲಿದ್ದಲಿನ ಇಂಗಾಲ ಅದಿರಿನ ಆಮ್ಲಜನಕವನ್ನು ಸೆಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಈ ವಿಧಾನದಲ್ಲಿ ಒಂದು ಟನ್ ಉಕ್ಕಿಗೆ ಎರಡು ಟನ್ನಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಗಾಳಿ ಸೇರುತ್ತದೆ. ಪಕ್ಕದ ಕುಡಿತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರವೂ ಕಲ್ಲಿದ್ದಲನ್ನೇ ಉರಿಸುತ್ತದೆ. 1958ರಲ್ಲಿ ಹವಾಯಿ ದ್ವೀಪದ ಬೆಟ್ಟವೊಂದರ ಮೇಲೆ ವಿಜ್ಞಾನಿಗಳು ಅಳೆಯಲು ತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಈ ಅನಿಲವಿತ್ತು. ಈಗ ಅದು 420ನ್ನು ದಾಟಿದೆ. ಭೂಮಿ ಕಾಯುತ್ತಿರುವುದಕ್ಕೆ ಮುಖ್ಯ ಕಾರಣ ಇದೇ.

ಹಾಗಾದರೆ ಬಡವನ ಕೈಗೆಟಕುವ ಶುದ್ಧ ಶಕ್ತಿ ಇಲ್ಲವೇ? ಇದೆ. ಅದರ ಹುಡುಕಾಟ ನಮ್ಮ ಕರ್ನಾಟಕದಲ್ಲೇ ಬಹಳ ಹಿಂದೆ ನಡೆಯಿತು.

ಹಳ್ಳಿಗೆ ಬಂದ ವಿಜ್ಞಾನಿಗಳು

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ವಿಜ್ಞಾನವನ್ನು ಹಳ್ಳಿಯ ಬದುಕಿಗೆ ತಲುಪಿಸುವುದೇ ಅದರ ಗುರಿ. ವಿದ್ಯುತ್ ರಸಾಯನ ಶಾಸ್ತ್ರದಲ್ಲಿ ಪ್ರಪಂಚವೇ ಓದುವ ಗ್ರಂಥ ಬರೆದ ಪಂಡಿತರು, ಸಗಣಿ ಸೌದೆಗಳ ಲೆಕ್ಕ ಹಾಕಲು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರ ಸೀಮೆಗೆ ಬಂದರು.

ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದರು. ಪುರ ಎಂಬ ಹಳ್ಳಿಯಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ಹತ್ತರಲ್ಲಿ ಎಂಟು ಭಾಗಕ್ಕೂ ಹೆಚ್ಚು ಬರುತ್ತಿದ್ದುದು ಸೌದೆಯಿಂದ. ಅದನ್ನು ಹೊತ್ತು ತರುವ ಭಾರ ಹೆಚ್ಚಾಗಿ ಹೆಂಗಸರು ಮಕ್ಕಳ ತಲೆಯ ಮೇಲೆ. ಊರಿಗೆ ವಿದ್ಯುತ್ ತಂತಿ ಬಂದಿದ್ದರೂ ಅದರ ಪಾಲು ಅತ್ಯಲ್ಪ.

ಆ ಲೆಕ್ಕದಿಂದ ಹುಟ್ಟಿದ್ದು 'ಅಸ್ತ್ರ ಒಲೆ'. ಮಣ್ಣಿನ ಒಲೆ, ಮೂರು ಪಾತ್ರೆ ಇಡಲು ಜಾಗ, ಹೊಗೆ ಹೋಗಲು ಚಿಮಣಿ. ಹಳೆಯ ಒಲೆಯಲ್ಲಿ ಬೆಂಕಿಯ ಶಾಖದ ಹತ್ತನೇ ಒಂದು ಭಾಗದಷ್ಟೇ ಪಾತ್ರೆಗೆ ತಲುಪುತ್ತಿತ್ತು. ಅಸ್ತ್ರ ಒಲೆಯಲ್ಲಿ ಹತ್ತರಲ್ಲಿ ಮೂರು ಭಾಗಕ್ಕೂ ಹೆಚ್ಚು. 1980ರ ದಶಕದಲ್ಲಿ ಈ ಒಲೆ ಕರ್ನಾಟಕದ ಹಳ್ಳಿಗಳಿಗೆ ಹರಡಿತು. ಸೌದೆ ಉಳಿಯಿತು, ತಾಯಂದಿರ ಕಣ್ಣಿನ ಉರಿ ಕಡಿಮೆಯಾಯಿತು. ಆದರೆ ಚಿಮಣಿಗೆ ಮಸಿ ಕಟ್ಟುತ್ತದೆ, ಮಣ್ಣು ಬಿರುಕು ಬಿಡುತ್ತದೆ. ಮಸಿ ತೆಗೆದು ಬಿರುಕು ಮೆತ್ತಿದ ಮನೆಗಳಲ್ಲಿ ಒಲೆ ಉಳಿಯಿತು, ಉಳಿದೆಡೆ ಹಳೆಯ ಮೂರು ಕಲ್ಲುಗಳು ವಾಪಸು ಬಂದವು. 1983ರಲ್ಲಿ ಆರಂಭವಾಗಿದ್ದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು 2002ರಲ್ಲಿ ಕೇಂದ್ರ ಸರಕಾರ ಕೈಬಿಟ್ಟು ರಾಜ್ಯಗಳಿಗೆ ಒಪ್ಪಿಸಿತು.

ಪುರ ಕಲಿಸಿದ ಪಾಠ

ಪುರದಲ್ಲಿ ಊರಿಗೆಲ್ಲ ಒಂದೇ ದೊಡ್ಡ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಮೊದಲ ಆಲೋಚನೆ ಎಲ್ಲ ಮನೆಗಳಿಗೂ ಅಡುಗೆ ಅನಿಲ ಕೊಡುವುದಾಗಿತ್ತು. ಅಷ್ಟು ಅನಿಲಕ್ಕೆ ಊರಿನ ಸಗಣಿ ಸಾಲಲಿಲ್ಲ. ಪಂಡಿತರು ಹಟ ಹಿಡಿಯಲಿಲ್ಲ. ಊರವರಿಗೆ ಮೊದಲು ಬೇಕಿದ್ದುದು ಕುಡಿಯುವ ನೀರು ಮತ್ತು ಮನೆಗೆ ಬೆಳಕು. 1987ರಲ್ಲಿ ಅದೇ ಅನಿಲದಿಂದ ಒಂದು ಚಿಕ್ಕ ಡೀಸೆಲ್ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಏರಿಸಿದರು, ಮನೆಗಳಿಗೆ ದೀಪ ಕೊಟ್ಟರು.

ಸಗಣಿ ತಂದವರಿಗೆ ತೂಕಕ್ಕೆ ತಕ್ಕಂತೆ ಚಿಲ್ಲರೆ ಕಾಸು, ಅನಿಲ ಬಿಟ್ಟ ಬಗ್ಗಡ ಅವರ ಹೊಲಕ್ಕೇ ಗೊಬ್ಬರ. ಘಟಕ ನಡೆಸಿದ್ದು ಊರಿನ ಹುಡುಗರೇ. ಇಲ್ಲಿ ರೆಡ್ಡಿಯವರು ಗಮನಿಸಿದ ಒಂದು ಸತ್ಯವಿದೆ. ಎಲ್ಲರದೂ ಆದದ್ದು ಯಾರದೂ ಅಲ್ಲ, ಹಾಳಾಗುತ್ತದೆ ಎಂದು ನಾವು ಹೇಳುತ್ತೇವೆ. ಪುರದಲ್ಲಿ ಅದಕ್ಕೆ ವಿರುದ್ಧವಾದದ್ದು ನಡೆಯಿತು. ಸಗಣಿ ಕೊಡದೆ ನುಣುಚಿಕೊಂಡರೆ ಅದೇ ಸಂಜೆ ತನ್ನ ಮನೆಯೂ ಕತ್ತಲು, ತನ್ನ ಕೊಡವೂ ಖಾಲಿ. ಹಾಗಾಗಿ ಊರಿನ ಹಿತ ಮತ್ತು ಮನೆಯ ಹಿತ ಒಂದೇ ಆದವು. ಘಟಕ ಶಾಶ್ವತವಾಗಿ ಉಳಿಯಲಿಲ್ಲ, 1990ರ ದಶಕದ ಕೊನೆಯ ಭಾಗದಲ್ಲಿ ನಿಂತಿತು. ಆದರೆ ನಡೆದಷ್ಟು ವರ್ಷ ಅದು ನಡೆದದ್ದು ಊರವರ ಕೈಯಿಂದ.

ಅದೇ ತಾಲೂಕಿನ ಹೊಸಹಳ್ಳಿ ಇನ್ನೊಂದು ಉದಾಹರಣೆ. ಸುಮಾರು 35 ಮನೆಗಳ, ವಿದ್ಯುತ್ ಕಾಣದ ಊರು. 1988ರಲ್ಲಿ ಅಲ್ಲಿ ಸೌದೆಯನ್ನು ಅನಿಲವಾಗಿಸಿ ಎಂಜಿನ್ ನಡೆಸುವ ಗ್ಯಾಸಿಫೈಯರ್ ಕೂರಿಸಿದರು. ಸೌದೆಗೆಂದೇ ಊರಿನ ಬಳಿ ನೆಡುತೋಪು ಬೆಳೆಸಿದರು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲವೂ ಅದರಿಂದಲೇ. ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅದು ದುಡಿದ ವಿವರವನ್ನು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಉರಿದ ಮರದ ಇಂಗಾಲವನ್ನು ಬೆಳೆಯುವ ಮರ ಮತ್ತೆ ಹೀರುತ್ತದೆ. ಕಡಿದಷ್ಟೂ ನೆಡುವ ಕೈ ಇರಬೇಕು, ಅಷ್ಟೇ.

1995ರಲ್ಲಿ ಹರೀಶ್ ಹಂದೆಯವರು ಸಂಗಡಿಗರೊಂದಿಗೆ ಬೆಂಗಳೂರಿನಲ್ಲಿ ಸೆಲ್ಕೋ ಕಂಪನಿ ಕಟ್ಟಿದರು. ಅವರು ಬೆಳೆದದ್ದೂ ಉಕ್ಕಿನ ಊರಾದ ರೂರ್ಕೆಲಾದಲ್ಲಿ. ಬಡವರು ಸೋಲಾರ್ ಕೊಳ್ಳಲಾರರು, ಕೊಂಡರೂ ಕಾಪಾಡಲಾರರು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಮಲಪ್ರಭಾ ಗ್ರಾಮೀಣ ಬ್ಯಾಂಕಿನಂಥ ಬ್ಯಾಂಕುಗಳಿಂದ ಸಾಲ ಕೊಡಿಸಿದರು. ತಿಂಗಳಿಗೆ ಮುನ್ನೂರು ರೂಪಾಯಿ ಕಟ್ಟಲಾಗದ ಬೀದಿ ವ್ಯಾಪಾರಿಗೆ ದಿನಕ್ಕೆ ಹತ್ತು ರೂಪಾಯಿ ಕಟ್ಟುವುದು ಸುಲಭ ಎಂಬುದನ್ನು ಕಂಡುಕೊಂಡರು. ಎಲ್ಲಕ್ಕಿಂತ ಮುಖ್ಯವಾಗಿ, ದೀಪ ಕೆಟ್ಟರೆ ಬಂದು ನೋಡುವ ಸೇವಾ ಕೇಂದ್ರಗಳನ್ನು ತೆರೆದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಗಾಳಿಯಿಂದ ಮಣ್ಣಿಗೆ

ಇನ್ನು ಈಗಾಗಲೇ ಗಾಳಿ ಸೇರಿರುವ ಇಂಗಾಲವನ್ನು ಹಿಂದಕ್ಕೆ ತರುವುದು ಹೇಗೆ? ಅಗ್ಗದ ದಾರಿಗಳು ನಮಗೆ ಹೊಸವೇನಲ್ಲ. ಒಂದು, ಮರ. ಗಣಿಗಾರಿಕೆಯಿಂದ ಸಂಡೂರಿನ ಬೆಟ್ಟಗಳು ಎಷ್ಟು ಬೋಳಾದವು, 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಬೇಕಾಯಿತು ಎಂಬುದು ನಿಮಗೆ ಗೊತ್ತೇ ಇದೆ. ಇನ್ನೊಂದು, ಇದ್ದಿಲು. ಹತ್ತಿಕಡ್ಡಿ, ತೊಗರಿಕಟ್ಟಿಗೆ, ಮೆಕ್ಕೆಜೋಳದ ಬೆಂಡನ್ನು ಹೊಲದಲ್ಲಿ ಬಯಲಾಗಿ ಸುಡುವ ಬದಲು ಗಾಳಿ ಕಡಿಮೆಯಿರುವ ಡ್ರಮ್ಮಿನಲ್ಲಿ ಕಾಯಿಸಿದರೆ ಇದ್ದಿಲಾಗುತ್ತದೆ. ಅದನ್ನು ಗೊಬ್ಬರದೊಂದಿಗೆ ಮಣ್ಣಿಗೆ ಸೇರಿಸಿದರೆ ಅದರ ಇಂಗಾಲದ ಬಹುಪಾಲು ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ಇದನ್ನೇ ಬಯೋಚಾರ್ ಎನ್ನುತ್ತಾರೆ. ಮಣ್ಣಿನಲ್ಲಿ ಹೂತ ಒಂದು ಕಿಲೋ ಇಂಗಾಲ ಎಂದರೆ ಗಾಳಿಯಿಂದ ಇಳಿಸಿದ ಮೂರೂವರೆ ಕಿಲೋಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್.

ದೊಡ್ಡ ಕುಲುಮೆಗೂ ದಾರಿಯಿದೆ. ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬಳಸಿದರೆ ಅದಿರಿನಿಂದ ಹೊರಬರುವುದು ಹೊಗೆಯಲ್ಲ, ನೀರಾವಿ. 2025ರಲ್ಲಿ ತೋರಣಗಲ್ಲಿನಲ್ಲೇ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಮಾಡುವ ಘಟಕ ಆರಂಭವಾಯಿತು. ಒಂದು ಟನ್ ಉಕ್ಕಿಗೆ ಸುಮಾರು 50ರಿಂದ 60 ಕಿಲೋ ಹೈಡ್ರೋಜನ್ ಬೇಕು. ಲೆಕ್ಕ ಹಾಕಿದರೆ ಇದು ಸಾಲುವುದು ಸುಮಾರು ಎಪ್ಪತ್ತು ಸಾವಿರ ಟನ್ನಿಗೆ, ಅಂದರೆ ಇಲ್ಲಿಯ ಉಕ್ಕಿನಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಒಳ್ಳೆಯ ಆರಂಭ, ಆದರೆ ಆರಂಭ ಮಾತ್ರ. ಇದನ್ನು ನೋಡಿ ನಾವು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ.

ಈ ಎಲ್ಲ ದಾರಿಗಳಿಗೂ ಅಜ್ಜಿಯ ಪ್ರಶ್ನೆಯೇ ಅನ್ವಯಿಸುತ್ತದೆ. ಸಸಿ ನೆಡುವುದು ಒಂದು ದಿನದ ಕೆಲಸ. ಮೂರು ಬೇಸಿಗೆ ನೀರು ಹೊತ್ತು, ಮೇಕೆಯಿಂದ ಕಾಯ್ದರೆ ಮಾತ್ರ ಅದು ಮರ. ಕಡಿದು ಸುಟ್ಟ ದಿನ ಇಂಗಾಲವೆಲ್ಲ ಮತ್ತೆ ಗಾಳಿಗೆ. ದೊಡ್ಡ ಕಟ್ಟಡಗಳಿಗೂ ಇದೇ ನಿಯಮ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ ಹೊಸಪೇಟೆಯಿಂದ ಕಂಪ್ಲಿಯವರೆಗೆ ಎಷ್ಟು ರೈತರು ನಿದ್ದೆಗೆಟ್ಟರು! ಏಳು ದಶಕ ನಮಗೆ ನೀರು, ಬೆಳಕು ಕೊಟ್ಟ ಅಣೆಕಟ್ಟು, ಒಂದು ಸರಪಳಿಯ ಮೇಲೆ ನಿಂತಿತ್ತು.

ನಮ್ಮ ಪಾಲಿನ ಎಣ್ಣೆ

ಪ್ರಿಯರೇ, ಗೃಹಜ್ಯೋತಿ ಯೋಜನೆಯಿಂದ 2023ರಿಂದ ನಮ್ಮಲ್ಲಿ ಅನೇಕರ ಕರೆಂಟ್ ಬಿಲ್ಲು ಸೊನ್ನೆಯಾಗಿದೆ. ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ಬಿಲ್ಲು ಸೊನ್ನೆಯಾದರೆ ಕುಡಿತಿನಿಯಲ್ಲಿ ಉರಿಯುವ ಕಲ್ಲಿದ್ದಲು ಸೊನ್ನೆಯಾಗುವುದಿಲ್ಲ. ಬೇಡದ ಫ್ಯಾನು ಆರಿಸುವುದು ಈಗ ದುಡ್ಡಿನ ಮಾತಲ್ಲ, ಮನಸ್ಸಾಕ್ಷಿಯ ಮಾತು. ಅನುಕೂಲವಿದ್ದವರಿಗೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಳಿಗೆಯ ಸೋಲಾರಿಗೆ 78,000 ರೂಪಾಯಿಯವರೆಗೆ ಸಹಾಯಧನವಿದೆ.

ಶುಭಸಂದೇಶದ ಹತ್ತು ಕನ್ಯೆಯರ ಕಥೆ ನಮಗೆಲ್ಲ ಗೊತ್ತು. ದೀಪ ಹತ್ತೂ ಜನರ ಕೈಯಲ್ಲಿತ್ತು. ವ್ಯತ್ಯಾಸವಿದ್ದದ್ದು ಎಣ್ಣೆಯಲ್ಲಿ. 2015ರಲ್ಲಿ ವಿಶ್ವಗುರು ಫ್ರಾನ್ಸಿಸರು ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದು ವಿಶ್ವಪತ್ರ ಬರೆದರು. ಮನೆ ಎಂದ ಮೇಲೆ ದಿನಾ ಕಸ ಗುಡಿಸುವವರು ಇರಲೇಬೇಕಲ್ಲವೇ?

ನಮ್ಮ ಕಾಲೋನಿಯ ದೀಪ ಈಗ ಮತ್ತೆ ಉರಿಯುತ್ತಿದೆ. ಈ ಬಾರಿ ನಾವು ಆಶೀರ್ವಾದಕ್ಕಿಂತ ಮೊದಲು ಒಂದು ಕೆಲಸ ಮಾಡಿದೆವು. ಹದಿನೈದು ದಿನಕ್ಕೊಮ್ಮೆ ಫಲಕ ಒರೆಸುವ ಸರದಿ ಯಾವ ಮನೆಯದು ಎಂದು ಪಟ್ಟಿ ಬರೆದೆವು. ಬ್ಯಾಟರಿಗೆಂದು ಮನೆಗೆ ಹತ್ತು ರೂಪಾಯಿಯಂತೆ ಪ್ರತಿ ತಿಂಗಳು ಡಬ್ಬಿಗೆ ಹಾಕುತ್ತೇವೆ. ಡಬ್ಬಿಯ ಕೀಲಿ ಆ ಅಜ್ಜಿಯ ಸೆರಗಿನ ಗಂಟಿನಲ್ಲಿದೆ. ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ನಿಮ್ಮ ಬೀದಿಯಲ್ಲಿ, ನಿಮ್ಮ ಶಾಲೆಯಲ್ಲಿ ಹಾಕುವ ಮುಂದಿನ ದೀಪಕ್ಕೆ, ನೆಡುವ ಮುಂದಿನ ಸಸಿಗೆ ಮೊದಲು ಇಂಥ ಒಂದು ಪಟ್ಟಿ ಬರೆಯಿರಿ. ಅದರಲ್ಲಿ ನಿಮ್ಮ ಮನೆಯ ಹೆಸರೂ ಇರಲಿ.