ಕೊಡಲಿಗೆ ಕಾವು ಹಾಕಿದವರು

ಕೊಡಲಿ ಕಾವು ಕುಲಕ್ಕೆ ಸಾವು ಅಂತ ಒಂದು ಗಾದೆ. ಇದನ್ನು ವಿಸ್ತರಿಸಿ ಬರೆಯಿರಿ ಅಂತ ಶಾಲೆಯಲ್ಲಿ ಕೊಡುತ್ತಿದ್ದರು. ಮರದ ಕುಲದಲ್ಲೇ ಹುಟ್ಟಿದ ಕಾವು ಕಬ್ಬಿಣದ ಜೊತೆ ಸೇರಿ ಮರವನ್ನೇ ಕಡಿಯುತ್ತದೆ, ಮನೆಮುರುಕರೂ ಹಾಗೇ ಅಂತ ಹತ್ತು ಸಾಲು ಬರೆದು ಅಂಕ ತೆಗೆದುಕೊಂಡವರೇ ನಾವೆಲ್ಲ. ಆ ಕಾವನ್ನು ಕೊಡಲಿಗೆ ಹಾಕಿದವನು ಯಾರು, ಎತ್ತಿದ ಕೈ ಯಾರದು, ಎತ್ತಿಸಿದ ಬಾಯಿ ಯಾರದು? ಗಾದೆ ಇದನ್ನು ಹೇಳಲಿಲ್ಲ, ಮೇಷ್ಟ್ರು ಕೇಳಲಿಲ್ಲ, ನಾವೂ ಬರೆಯಲಿಲ್ಲ.

ನಾವು ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಕೇರಿಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆಮಾರು. ನಮ್ಮ ಕೈಗೆ ಪೆನ್ನು ಬಂತು. ಅಯ್ಯನ ಕೊಡಲಿ ಸೂರಿನಲ್ಲಿ ಸಿಕ್ಕಿಸಿದ್ದು ಸಿಕ್ಕಿಸಿದಂಗೇ ತುಕ್ಕು ಹಿಡಿಯಿತು. ಸಡಿಲವಾದ ಕಾವನ್ನು ಮತ್ತೆ ಕೂರಿಸುವುದು ಹೇಗೆ ಅಂತ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಡಿಗ್ರಿ ಇದೆ, ಗೊತ್ತಿಲ್ಲ. ಅದಕ್ಕೇ ಈ ಬರಹ.

ನಮ್ಮ ಜಿಲ್ಲೆಯ ಇತಿಹಾಸ ಅಂದರೆ ಎಲ್ಲರೂ ಮೊದಲು ಕೈ ತೋರಿಸುವುದು ಶ್ರೀರಂಗಪಟ್ಟಣದ ಕಡೆಗೆ. ಕೋಟೆ, ಗುಂಬಜ್, 1784ರ ದರಿಯಾ ದೌಲತ್. ಆ ಅರಮನೆಯ ಬಹುಪಾಲು ತೇಗದ ಮರ. ಬಣ್ಣದ ಗೋಡೆಯ ಮೇಲೆ ಕುದುರೆ ಸವಾರರಿದ್ದಾರೆ, ಆನೆಗಳಿವೆ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷರವನೂ ಇದ್ದಾನೆ. ಕಂಬದ ಮರ ಕಡಿದು, ಕೊಯ್ದು, ಹೊತ್ತು ತಂದವರನ್ನು ಹುಡುಕಿಕೊಂಡು ನಾವು ಒಂದು ಮಧ್ಯಾಹ್ನವೆಲ್ಲ ಅಲ್ಲಿ ನಿಂತಿದ್ದೆವು. ಸಿಗಲಿಲ್ಲ.

ಆದರೆ ಮರಗೆಲಸದವರು ಈ ಪಟ್ಟಣದ ಇತಿಹಾಸದೊಳಗೆ ಇದ್ದೇ ಇದ್ದಾರೆ. ಯುದ್ಧದ ಪುಸ್ತಕವನ್ನು ಬೇರೆ ಕಡೆಯಿಂದ ಓದಬೇಕು ಅಷ್ಟೆ. ಕೋಟೆಯ ಹೊರಗೆ ಮೈಲಿಗಟ್ಟಲೆ ಒಂದು ಜೀವಂತ ಬೇಲಿ ಇತ್ತು. ಬಿದಿರು, ಕತ್ತಾಳೆ, ಮುಳ್ಳುಗಿಡ ಒತ್ತಾಗಿ ಬೆಳೆಸಿ ಹೆಣೆದ ಬೇಲಿ. ಕಾರ್ನ್‌ವಾಲಿಸನ ಸೈನ್ಯ 1792ರ ಫೆಬ್ರವರಿ 6ರ ರಾತ್ರಿ ದಾಟಿ ಬಂದದ್ದು ಇದನ್ನೇ. ಬೇಲಿ ಅಂದರೆ ನೆಟ್ಟು ಬಿಟ್ಟರೆ ಆಗುವ ಕೆಲಸವಲ್ಲ ಅಂತ ಹೊಲದ ಬೇಲಿ ಕಟ್ಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಸಂದು ಬಿದ್ದಲ್ಲಿ ಎಳೆ ರೆಂಬೆ ಬಗ್ಗಿಸಿ ಹೆಣೆಯಬೇಕು, ಎತ್ತರ ಹೋದದ್ದನ್ನು ಸವರಬೇಕು. ಸವರಿದಷ್ಟೂ ಬುಡದಲ್ಲಿ ಚಿಗುರು ಒತ್ತಾಗುತ್ತದೆ. ಅಷ್ಟು ಉದ್ದದ ಬೇಲಿಯನ್ನು ವರ್ಷ ವರ್ಷ ಸವರಿದ ಮಚ್ಚು ಎಷ್ಟು, ಮುಳ್ಳು ಹೊಕ್ಕ ಕೈ ಎಷ್ಟು? ಪುಸ್ತಕಗಳು ಬೇಲಿಯನ್ನು ಹೇಳುತ್ತವೆ, ಸವರಿದವರನ್ನು ಹೇಳುವುದಿಲ್ಲ.

ಆ ರಾತ್ರಿಯ ದಾಳಿಯಲ್ಲಿ ದ್ವೀಪದ ಪೂರ್ವದ ತುದಿಯ ಲಾಲ್‌ಬಾಗ್ ಇಂಗ್ಲಿಷರ ಕೈಗೆ ಬಿತ್ತು. ಗಂಜಾಂ ಕಡೆ, ಹೈದರನ ಗೋರಿ ಇರುವ ತೋಟ. ಮುಂದೆ ನಡೆದದ್ದನ್ನು ಮೇಜರ್ ಡೈರಮ್ ಎಂಬ ಅವರದೇ ಅಧಿಕಾರಿ 1793ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಬರೆದಿದ್ದಾನೆ. ಸಾಲಾಗಿ ನೆಟ್ಟಿದ್ದ ಸೈಪ್ರಸ್ ಮರಗಳನ್ನೂ ಹಣ್ಣಿನ ಮರಗಳನ್ನೂ ಕಡಿದು ಮುತ್ತಿಗೆಗೆ ಬೇಕಾದ ಸಾಮಾನು ಮಾಡಿದರು. ಅರಮನೆಯನ್ನು ಗಾಯಾಳುಗಳ ಆಸ್ಪತ್ರೆ ಮಾಡಿದರು.

ಮುತ್ತಿಗೆಯ ಸಾಮಾನು ಅಂದರೆ ಏನು? ಫಿರಂಗಿ ಅಂತ ನಾವೂ ಅಂದುಕೊಂಡಿದ್ದೆವು. ಫಿರಂಗಿ ಆಮೇಲೆ. ಮೊದಲು ಬೇಕಾದ್ದು ಎರಡು. ಒಂದು, ಉದ್ದುದ್ದ ಕಡ್ಡಿಗಳನ್ನು ಬಿಗಿಯಾಗಿ ಕಟ್ಟಿದ ಹೊರೆ. ಕಂದಕದ ಗೋಡೆ ಕುಸಿಯದಂತೆ ಒರಗಿಸಲು, ಹಳ್ಳ ತುಂಬಿ ದಾಟಲು. ಇನ್ನೊಂದು, ನೆಟ್ಟ ಗೂಟಗಳ ಸುತ್ತ ಹಸಿ ಕಡ್ಡಿ ಹೆಣೆದು ಮಾಡಿದ ತಳವಿಲ್ಲದ ದೊಡ್ಡ ಬುಟ್ಟಿ. ಸಾಲಾಗಿ ನಿಲ್ಲಿಸಿ ಒಳಗೆ ಮಣ್ಣು ತುಂಬಿದರೆ ಗುಂಡು ಬಂದು ಅದರಲ್ಲಿ ಹೂತುಹೋಗುತ್ತದೆ. ಕಡ್ಡಿ ಹಸಿಯಾಗಿರಬೇಕು, ಒಣಗಿದರೆ ಬಗ್ಗದೆ ಮುರಿಯುತ್ತದೆ. ಹೆಬ್ಬೆರಳಿಗಿಂತ ದಪ್ಪವಾದದ್ದು ಹೆಣಿಗೆಗೆ ಬಾರದು. ಗೊಬ್ಬರ ಹೊರುವ ಮಂಕರಿ ಹೆಣೆಯುವವರಿಗೆ ಇದನ್ನು ಯಾವ ಮೇಜರೂ ಕಲಿಸಬೇಕಿಲ್ಲ.

ಇದನ್ನು ಮಾಡಿದ ಕೈ ಯಾವುವು? ಕಂಪನಿಯ ಸೈನ್ಯದಲ್ಲಿ ಬಂದೂಕಿನ ಸಿಪಾಯಿಗಳ ಮುಂದೆ ಕೊಡಲಿ, ಗುದ್ದಲಿ, ಪಿಕಾಸಿ ಹಿಡಿದು ನಡೆಯುವ ಪಡೆ ಒಂದಿತ್ತು. 1780ರಲ್ಲಿ ಕಟ್ಟಿದ ಮದ್ರಾಸ್ ಪಯೊನಿಯರ್ ಪಡೆ. ಈಗಿನ ಮದ್ರಾಸ್ ಸ್ಯಾಪರ್ಸ್ ಅದರ ಬೇರಿನಿಂದ ಬಂದದ್ದು. ತಮಿಳು ಸೀಮೆಯ ಪರೆಯರು ಹೆಚ್ಚಾಗಿ ಸೇರಿದ ಪಡೆಗಳಲ್ಲಿ ಅದೂ ಒಂದು. ಊರಲ್ಲಿ ಮುಟ್ಟಬಾರದವರು, ಯುದ್ಧದಲ್ಲಿ ಮುಂದೆ ನಿಲ್ಲಬೇಕಾದವರು. ಬೇಲಿಯ ಒಳಗಿದ್ದವರು ಟಿಪ್ಪುವಿಗಾಗಿ ಮುಳ್ಳು ಹೆಣೆದರು, ಹೊರಗಿನಿಂದ ಬಂದವರು ಕಂಪನಿಗಾಗಿ ಅದನ್ನು ಸವರಿ ದಾರಿ ಮಾಡಿದರು. 1799ರ ಮೇ 4ರಂದು ಕೋಟೆ ಬಿದ್ದಿತು. ಟಿಪ್ಪು ಹೋರಾಡಿ ಸತ್ತ. ಅವನ ಮೇಲೆ ನಮಗೆ ಗೌರವವಿದೆ, ಅದನ್ನು ಇಲ್ಲಿ ಬಿಟ್ಟುಕೊಡುತ್ತಿಲ್ಲ. ನಮ್ಮ ಮಾತು ಕೊಡಲಿ ಹಿಡಿದವರದ್ದು.

ಆ ಕೊಡಲಿಯ ಬಗ್ಗೆಯೇ ಸ್ವಲ್ಪ ಹೇಳಬೇಕು.

ಕೊಡಲಿ ಅಂದರೆ ಅಂಗಡಿಯಲ್ಲಿ ತೂಗಿ ಕೊಡುವ ಕಬ್ಬಿಣ ಅಂತ ನಾವು ತಿಳಿದಿದ್ದೆವು. ಅಯ್ಯನ ಲೆಕ್ಕದಲ್ಲಿ ಕೊಡಲಿಯ ಅರ್ಧ ಜೀವ ಕಾವಿನಲ್ಲಿತ್ತು. ದಿಂಡಿಗ ಸಿಕ್ಕರೆ ದಿಂಡಿಗ, ಇಲ್ಲವೇ ತಡಸಲು. ಅದೂ ಇಲ್ಲದಿದ್ದರೆ ಜಾಲಿ. ಮೇಲುಕೋಟೆ ಬೆಟ್ಟದ ಸಾಲಿನಲ್ಲಿ ಇವು ಬೆಳೆಯುತ್ತವೆ. ಗಂಟಿರಬಾರದು, ಎಳೆ ಈ ತುದಿಯಿಂದ ಆ ತುದಿಗೆ ನೇರ ಓಡಿರಬೇಕು. ಎಳೆ ಅಡ್ಡ ಹೋಗಿದ್ದರೆ ಏಟಿನ ನಡುವೆ ಕಾವು ಸೀಳುತ್ತದೆ. ಕಡಿದು ತಂದ ಕೋಲನ್ನು ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತದೆ, ನೆರಳಿನಲ್ಲಿ ಒಣಗಬೇಕು. ತಲೆಯ ಕಡೆ ಸೀಳು ಹಾಕಿ, ಕೊಡಲಿಯ ಕಣ್ಣಿಗೆ ಹೊಗಿಸಿ, ಚೆನ್ನಾಗಿ ಒಣಗಿದ ಬೆಣೆ ಹೊಡೆದು ಕೂರಿಸುತ್ತಿದ್ದರು. ಸಡಿಲಾದರೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಮರುದಿನ ಕೆಲಸಕ್ಕೆ ಹೋಗುವವರನ್ನು ಕಂಡರೆ ಅಯ್ಯನಿಗೆ ಆಗುತ್ತಿರಲಿಲ್ಲ. 'ಇವತ್ತು ಉಬ್ಕಂಡ್ ಕೂತ್ಕತದೆ, ನಾಳೆ ಒಣಗ್ದಾಗ ಇನ್ನೂ ಸಡ್ಲ ಆಯ್ತದೆ ಕನ್ಲಾ. ಹಾರಿದ್ರೆ ಎದ್ರುಗಿರೋನ್ ತಲೆ ಹೋಯ್ತದೆ' ಅಂತ ಬೈಯುತ್ತಿದ್ದರು.

ಬಾಯಿ ಮೊಂಡಾದರೆ ಕುಲುಮೆಗೆ ಹೋಗಬೇಕು. ನಮ್ಮ ಹಿರಿಯರು ಕುಲುಮೆಯ ಒಳಗೆ ಕಾಲಿಡುವಂತಿರಲಿಲ್ಲ. ಹೊರಗೆ ನೆಲದ ಮೇಲೆ ಕೊಡಲಿ ಇಟ್ಟು ದೂರ ಸರಿದು ನಿಲ್ಲಬೇಕು. ಕಮ್ಮಾರ ಅದನ್ನು ಇಕ್ಕಳದಲ್ಲಿ ಎತ್ತಿ ಬೆಂಕಿಗೆ ಹಾಕಿದ ಮೇಲೆ ಕಬ್ಬಿಣದ ಮೈಲಿಗೆ ಸುಟ್ಟು ಹೋಗುತ್ತಿತ್ತು. ಕೈಯ ಮೈಲಿಗೆ ಮಾತ್ರ ಹಾಗೇ ಉಳಿಯುತ್ತಿತ್ತು. ಆ ಬೆಂಕಿ ಊದುವ ತಿದಿಯ ಚರ್ಮ ಹದ ಮಾಡಿ ಹೊಲಿದು ಕೊಟ್ಟದ್ದು ಮಾದಿಗರ ಕೇರಿ. ಅದರಲ್ಲಿ ಉರಿಯುವ ಜಾಲಿಯ ಇದ್ದಿಲು ಸುಟ್ಟು ಹೊತ್ತು ತಂದದ್ದು ನಮ್ಮವರೇ. ಚರ್ಮ ಒಳಗಿರಬಹುದು, ಇದ್ದಿಲು ಒಳಗಿರಬಹುದು, ಮನುಷ್ಯ ಹೊರಗೆ. ಕಮ್ಮಾರನೂ ದುಡಿದು ತಿನ್ನುವವನೇ, ಅವನಿಗೂ ಕಾಳು ಅಳೆದು ಕೊಡುವವನು ಗೌಡನೇ ಅನ್ನುವುದು ನಮಗೆ ಗೊತ್ತಿದೆ. ಗೊತ್ತಿದ್ದ ಮಾತ್ರಕ್ಕೆ ಹೊರಗೆ ನಿಂತ ಕಾಲಿನ ನೋವು ಕಡಿಮೆಯಾಗುವುದಿಲ್ಲ.

ಮರ ಕೆಡವುವುದಕ್ಕೂ ವಿದ್ಯೆ ಬೇಕು. ಬೀಳಬೇಕಾದ ಕಡೆ ಬುಡದಲ್ಲಿ ಮೊದಲು ಕಚ್ಚು. ಆಮೇಲೆ ಹಿಂದಿನಿಂದ, ಕಚ್ಚಿಗಿಂತ ನಾಲ್ಕು ಬೆರಳು ಮೇಲೆ ಕಡಿಯುತ್ತ ಬಂದು ನಡುವೆ ಸ್ವಲ್ಪ ಉಳಿಸಬೇಕು. ಉಳಿದ ಆ ಎಳೆ ಬಾಗಿಲ ಕೀಲಿನಂತೆ ಮರವನ್ನು ಬಗ್ಗಿಸಿ ಮಲಗಿಸುತ್ತದೆ. ಪೂರ್ತಿ ಕಡಿದುಬಿಟ್ಟರೆ ಮರ ಬುಡದ ಮೇಲೆ ತಿರುಗಿ ತನಗೆ ಬೇಕಾದ ಕಡೆ ಬೀಳುತ್ತದೆ. 'ಮೊದ್ಲು ಓಡೋ ದಾರಿ ನೋಡ್ಕಲಾ, ಆಮೇಲ್ ಕೊಡ್ಲಿ ಎತ್ತು' ಅನ್ನುತ್ತಿದ್ದರು ಅಯ್ಯ. ಕೊಂಬೆ ಸವರುವಾಗ ಅಡಿಯಿಂದ ಒಂದು ಏಟು ಹಾಕಿಯೇ ಮೇಲಿನಿಂದ ಕಡಿಯಬೇಕು, ಇಲ್ಲದಿದ್ದರೆ ಸಿಪ್ಪೆ ಕಾಂಡದವರೆಗೂ ಸುಲಿದು ಮರ ಸೊರಗುತ್ತದೆ. ಗದ್ದೆಗೆ ಸೊಪ್ಪು ಕೊಡುವ ಹೊಂಗೆಯನ್ನು ಓರೆಯಾಗಿ ಕಡಿದರೆ ಮಳೆ ನೀರು ನಿಲ್ಲದೆ ಜಾರುತ್ತದೆ, ಚಿಗುರು ಒಡೆಯುತ್ತದೆ. ಗಾಡಿ, ನೇಗಿಲಿಗೆ ಬೇಕಾದ ಜಾಲಿಯ ದಿಮ್ಮಿಯನ್ನೂ ಮನೆಗೆ ಬೇಕಾದ ಬಿದಿರನ್ನೂ ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಒಳಗಿನ ಸಿಹಿ ನೀರಿಗೆ ಇಳಿದು ಹೋದರೆ ಹುಳ ಬರುವುದಿಲ್ಲ. ಇದೇ ಮಾತನ್ನು ಪಿಷ್ಟ ಕರಗುವುದು ಅಂತ ಬರೆದರೆ ವಿಜ್ಞಾನ, ಅಯ್ಯ ಹೇಳಿದರೆ ಹಳ್ಳಿಗಮಾರರ ಮಾತು.

ಇಷ್ಟೆಲ್ಲ ಗೊತ್ತಿದ್ದವರ ಬಳಿ ಒಂದು ಮರ ಇತ್ತೇ? ಅದೇ ಪ್ರಶ್ನೆ. ಸಾಲುಮರ ಸರ್ಕಾರದ್ದು, ತೋಪು ಗೌಡರದ್ದು, ಬೆಟ್ಟ ಅರಮನೆಯದ್ದು. ಮದುವೆ ಮನೆಗೆ ಸೌದೆ ಸೀಳುವುದು ಬಿಟ್ಟಿ, ಹೆಣಕ್ಕೆ ಸೌದೆ ಒಟ್ಟುವುದು ಬಿಟ್ಟಿ. ಊರಿನ ತೋಟಿ ತಳವಾರಿಕೆಗಳನ್ನು ರದ್ದು ಮಾಡುವ ಕಾಯಿದೆ 1961ರಲ್ಲಿ ಬಂತು, ಬಿಟ್ಟಿ ಮಾತ್ರ ಕೆಲವು ಊರುಗಳಲ್ಲಿ ಆಮೇಲೂ ನಡೆಯಿತು.

ಗಂಧದ ಕತೆ ಕೇಳಿ. ಟಿಪ್ಪುವಿನ ಕಾಲದಲ್ಲೇ ಅದು ರಾಜವೃಕ್ಷವಾಯಿತು ಅನ್ನುತ್ತಾರೆ. ಆಮೇಲಿನ ಮೈಸೂರು ಸರ್ಕಾರವೂ ಅದನ್ನು ಬಿಡಲಿಲ್ಲ. 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸವನ್ನೂ ತಾನೇ ಶುರು ಮಾಡಿತು. ಗಂಧವನ್ನು ಕಡಿಯುವುದಿಲ್ಲ, ಕೀಳುತ್ತಾರೆ. ಎಣ್ಣೆ ಬೇರಿನಲ್ಲೇ ಹೆಚ್ಚು. ಸುತ್ತ ಅಗೆದು, ಹಾರೆ ಹಾಕಿ, ಬೇರು ಸಮೇತ ಎತ್ತಿ, ಹೊರಗಿನ ಬಿಳಿ ಮರವನ್ನು ಕೆತ್ತಿ ತೆಗೆದು ಒಳಗಿನ ತಿರುಳನ್ನು ಉಳಿಸಿಕೊಳ್ಳಬೇಕು. ಪುಡಿಯೂ ಲೆಕ್ಕ, ಚಕ್ಕೆಯೂ ಲೆಕ್ಕ. ಕೆತ್ತಿದವನ ಮೈ ವಾರಗಟ್ಟಲೆ ಘಮ್ಮನ್ನುತ್ತಿತ್ತಂತೆ, ಅಷ್ಟೇ ಅವನಿಗೆ ದಕ್ಕಿದ್ದು. ಯಾರ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದಾದ್ದರಿಂದ, ತಂಟೆ ಬೇಡ ಅಂತ ರೈತರು ಸಸಿಯನ್ನೇ ಚಿವುಟಿಬಿಡುತ್ತಿದ್ದರು. (ಗಂಧ ತಾನೊಂದೇ ಬೆಳೆಯುವುದಿಲ್ಲ, ಪಕ್ಕದ ಗಿಡದ ಬೇರಿನಿಂದ ಹೀರಿ ಬದುಕುತ್ತದೆ. ರಾಜವೃಕ್ಷ ಅನ್ನುವುದು ಸರಿಯಾದ ಹೆಸರೇ.) 2001ರಲ್ಲಿ ಅರಣ್ಯ ಕಾಯಿದೆ ತಿದ್ದಿ, ಜಮೀನಿನ ಗಂಧ ಜಮೀನಿನವನದ್ದು ಅಂದರು. ಜಮೀನೇ ಇಲ್ಲದವರಿಗೆ ಆ ತಿದ್ದುಪಡಿಯಲ್ಲಿ ಒಂದು ಚಕ್ಕೆಯೂ ಇಲ್ಲ.

ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಕುಪ್ಪೆ. ಕೇಳಿದರೆ ಅತ್ತಿ ಮರ ಕಣ್ಣಿಗೆ ಬರುವ ಹೆಸರು. 1891ರಲ್ಲಿ ಅದು ಹೋಗಿ ರಾಜರ ಹೆಸರು ಬಂತು. ಆ ಕಡೆಯ, ನಾಗಮಂಗಲದ ಕಡೆಯ ಕೆರೆಯಂಗಳಗಳಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಜಾಲಿ ಬೆಳೆಸಿದರು. ಗುಂಡಿ ತೋಡಿದವರು ಕೂಲಿಯವರು. ಬೆಳೆದ ಮೇಲೆ ಹರಾಜು, ಕಂಟ್ರಾಕ್ಟರು, ಲಾರಿ. ಕಡಿಯುವಾಗ ಮತ್ತೆ ಅದೇ ಕೂಲಿಯವರು, ಟನ್ನಿಗೆ ಇಷ್ಟು ಅಂತ. ಈಗ ಪೆಟ್ರೋಲು ಕುಡಿಯುವ ಗರಗಸ ಬಂದಿದೆ, ಹತ್ತು ಜನರ ದಿನದ ಕೆಲಸ ಒಬ್ಬನಿಂದ ಆಗುತ್ತದೆ. ಮಿಷನ್ನು ಯಾರದ್ದೋ, ಬಾಡಿಗೆ ಯಾರಿಗೋ, ಕಿವಿ ಕಿವುಡಾಗುವುದು ಮಾತ್ರ ನಮ್ಮ ಹುಡುಗನದ್ದು.

ಹೆಂಗಸರ ಹತಾರ ಇನ್ನೂ ಸಣ್ಣದು. ಒಂದು ಕುಡುಗೋಲು, ಒಂದು ಹಗ್ಗ, ಹಳೇ ಸೀರೆಯ ಸಿಂಬೆ. ಅಷ್ಟರಲ್ಲಿ ಬೆಟ್ಟದಿಂದ ಒಣಪುಳ್ಳೆಯ ಹೊರೆ ಇಳಿಯುತ್ತಿತ್ತು, ಸಂಜೆ ಒಲೆ ಉರಿಯುತ್ತಿತ್ತು. ದಪ್ಪ ತುದಿ ಹಿಂದಕ್ಕೆ, ತೆಳುವಾದದ್ದು ಮುಂದಕ್ಕೆ, ಇಳಿಜಾರಿನಲ್ಲಿ ಹೊರೆ ಮುಂದಕ್ಕೆ ಮುಗ್ಗರಿಸದಂತೆ. ಮೇಲುಕೋಟೆ ಸುತ್ತಲಿನ ಕಾಡು ತೋಳಗಳಿಗಾಗಿ 1974ರಲ್ಲಿ ವನ್ಯಧಾಮವಾಯಿತು. ಆದಿಚುಂಚನಗಿರಿಯಲ್ಲಿ 1981ರಲ್ಲಿ ನವಿಲುಧಾಮ. ತೋಳ ಉಳಿಯಬೇಕು, ನವಿಲೂ ಉಳಿಯಬೇಕು, ನಮ್ಮ ತಕರಾರಿಲ್ಲ. ಒಣಪುಳ್ಳೆ ಆರಿಸಿದವಳು ಕಳ್ಳಿ ಹೇಗಾದಳು ಅನ್ನುವುದು ತಕರಾರು. ಅರಣ್ಯ ಕಾಯಿದೆಯಲ್ಲಿ ನಮ್ಮವರ ಹೆಸರು ಹುಡುಕಿದರೆ ಸಿಗುವುದಿಲ್ಲ, ಹತಾರ ಹುಡುಕಿದರೆ ಸಿಗುತ್ತದೆ. ಜಪ್ತಿ ಮಾಡುವ ಕಲಮಿನಲ್ಲಿ, ಗಾಡಿ ದನಗಳ ಜೊತೆ. ನಮ್ಮ ಕೇರಿಯ ಒಬ್ಬ ಅಜ್ಜಿಯ ಕುಡುಗೋಲನ್ನು ಬಹಳ ಹಿಂದೆ ಒಬ್ಬ ಗಾರ್ಡು ಕಿತ್ತುಕೊಂಡ. ಈಗಲೂ ಆಕೆ ಅದರ ಹಿಡಿಯ ವರ್ಣನೆ ಮಾಡುತ್ತಾಳೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಕಿರು ಅರಣ್ಯ ಉತ್ಪನ್ನ ಅಂದರೆ ಏನೇನು ಅಂತ ಒಂದು ಪಟ್ಟಿ ಇದೆ. ಬಿದಿರು, ಜೇನು, ಅರಗಿನ ಜೊತೆ ಕುರುಚಲು ಕಡ್ಡಿ, ಮರದ ಬೊಡ್ಡೆ ಕೂಡ ಅದರಲ್ಲಿವೆ. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ವಾಸವಿದ್ದು ಕಾಡನ್ನು ನಂಬಿ ಬದುಕಿದ್ದನ್ನು ತೋರಿಸಬೇಕು. ನಮ್ಮವರ ಬಳಿ ಯಾವ ಕಾಗದವಿದೆ? ಆದರೆ 2008ರ ನಿಯಮಗಳಲ್ಲಿ ಸಾಕ್ಷಿಗಳ ಪಟ್ಟಿಯೊಳಗೆ ಇನ್ನೊಂದು ಸಾಲಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ, ಬರಹಕ್ಕೆ ಇಳಿಸಿದ್ದು, ಅದೂ ಸಾಕ್ಷಿ. ಬೆಟ್ಟದಡಿಯ ಎಲ್ಲ ಕೇರಿಗೂ ಹಕ್ಕು ಸಿಕ್ಕೇಬಿಡುತ್ತದೆ ಅಂತ ನಾವು ಆಸೆ ಹುಟ್ಟಿಸುತ್ತಿಲ್ಲ. ಕಾಡಿನೊಳಗೆ ವಾಸವಿಲ್ಲ ಅಂತ ಅರ್ಜಿ ವಾಪಸ್ಸಾಗಲೂಬಹುದು. ಆದರೂ ಯಾವ ಮರದ ಕಾವು, ಯಾವ ಹಾದಿಯ ಹೊರೆ, ಯಾವ ಗುಂಡಿಯ ಇದ್ದಿಲು ಅಂತ ಹೇಳಬಲ್ಲವರು ಇನ್ನು ಕೆಲವೇ ಜನ ಉಳಿದಿದ್ದಾರೆ.

ಹೋದ ತಿಂಗಳು ನಾವು ನಾಲ್ವರು ನೋಟ್‌ಬುಕ್ಕು ಹಿಡಿದು ಆ ಅಜ್ಜಿಯ ಮುಂದೆ ಕೂತೆವು. 'ಏನ್ ಬರ್ಕತೀರಪ್ಪ, ಪುಳ್ಳೆ ಆರ್ಸಿದ್ದ?' ಅಂತ ನಕ್ಕಳು. ಆಮೇಲೆ ಬೆಟ್ಟದ ಬುಡದಿಂದ ಶುರು ಮಾಡಿ ಒಂದೊಂದೇ ಬಂಡೆ, ಒಂದೊಂದೇ ಮರದ ಹೆಸರು ಹೇಳುತ್ತ ಹೋದಳು. ಕತ್ತಲಾಗುವ ಹೊತ್ತಿಗೆ ಹನ್ನೊಂದು ಪುಟವಾಗಿತ್ತು, ಅವಳಿನ್ನೂ ಅರ್ಧ ಬೆಟ್ಟ ಹತ್ತಿರಲಿಲ್ಲ. ಬರುವ ಭಾನುವಾರ ಮತ್ತೆ ಹೋಗುತ್ತೇವೆ.